ವಾಶಿಗೆ ಮಾತ್ರ ಮೂಡಿದ ಶುಕ್ರ

ಮುಂಬಯಿ ಬದಿಯ ಡೊಂಬಿವಲಿ ಪೂರ್ವದಲ್ಲಿ ನೆಲೆಸಿದ ಕರಾವಳಿಯ ಕುಶಲ ಪೂಜಾರಿಯವರಿಗೆ ಗೊತ್ತಿಲ್ಲದ ವಿಷಯಗಳು ಈ ಲೋಕದಲ್ಲಿ ಬಹಳ ಇರಬಹುದು. ಆದರೆ ಹಾಗೆಂದು ಅವರ ಎದುರು ಹೇಳುವ ಧೈರ್ಯ ಮಾಡಿದವರು ಕಡಿಮೆ. ವಾಶಿಯ ಮದುವೆ ಹಾಲ್ ಒಂದರಲ್ಲಿ ಮೂವತ್ತು ವರ್ಷ ಸೂಪರ್‌ವೈಸರ್ ಆಗಿದ್ದು ನಿವೃತ್ತರಾದ ಮನುಷ್ಯ. ಎಷ್ಟು ಎಲೆಗೆ ಎಷ್ಟು ಪಾಯಸ, ಯಾವ ಬೀಗರು ಊಟಕ್ಕೆ ಮೊದಲು ಮುನಿಸಿಕೊಳ್ಳುತ್ತಾರೆ, ಯಾರು ಉಂಡು ಕೈ ತೊಳೆದ ಮೇಲೆ ಮುನಿಸಿಕೊಳ್ಳುತ್ತಾರೆ ಎಂಬುದೆಲ್ಲ ಅವರಿಗೆ ಅಂಗೈ ನೆಲ್ಲಿ. ಈ ತಪಸ್ಸಿನ ಫಲವಾಗಿ ಅವರಿಗೆ ಒಂದು ಸಿದ್ಧಾಂತ ಒಲಿದಿತ್ತು. ಮುಹೂರ್ತ ಇದ್ದ ದಿನ ಹೂವಿಗೆ, ಬಾಳೆಲೆಗೆ, ಹಾಲ್‌ಗೆ, ಲಾಡ್ಜಿನ ರೂಮಿಗೆ ಬೆಲೆ ಏರುತ್ತದೆ; ಇಲ್ಲದ ದಿನ ಇಳಿಯುತ್ತದೆ. ಲೋಕದ ವ್ಯಾಪಾರ ನಡೆಯುವುದೇ ಪಂಚಾಂಗದ ಮೇಲೆ. ಪೆಟ್ರೋಲಿನ ಬೆಲೆ ಏರಿದಾಗಲೂ ಕುಶಲಣ್ಣ ಮೊದಲು ಬಿಡಿಸುತ್ತಿದ್ದುದು ಪಂಚಾಂಗವನ್ನೇ.

ಈ ಸಿದ್ಧಾಂತವನ್ನು ಒರೆಗೆ ಹಚ್ಚುವ ಕಾಲ ಬಂದದ್ದು ಮಗಳು ಮಾನಸಿಯ ಸಂಬಂಧ ಕೂಡಿಬಂದಾಗ. ಹುಡುಗ ಲತೀಶ್ ಠಾಣೆಯ ಬ್ಯಾಂಕಿನಲ್ಲಿ ಆಫೀಸರ್. ಹುಡುಗ ಹುಡುಗಿ ಇಬ್ಬರೂ ಒಪ್ಪಿಯಾಗಿತ್ತು. ಆದರೆ ಕರಾವಳಿಯವರ ಮನೆಯಲ್ಲಿ ಹುಡುಗ ಒಪ್ಪಿದರೆ ಅರ್ಧ ಕೆಲಸ, ಹುಡುಗನ ಸೋದರಮಾವ ಒಪ್ಪಿದರೆ ಪೂರ್ತಿ ಕೆಲಸ. ಲತೀಶನ ಸೋದರಮಾವ ದಯಾನಂದರು ಉಡುಪಿಯಲ್ಲಿ ಸ್ವಂತ ಲಾಡ್ಜು ಇಟ್ಟವರು. ಮಾನಸಿ ವಾಶಿಯ ದೊಡ್ಡ ಹೋಟೆಲೊಂದರಲ್ಲಿ ಕೆಲಸಕ್ಕಿದ್ದಳು, ಮದುವೆಯ ನಂತರವೂ ಕೆಲಸದಲ್ಲಿ ಮುಂದುವರಿಯಬೇಕು ಎಂಬ ಒಂದೇ ಒಂದು ಷರತ್ತು ಹಾಕಿದ್ದಳು. ದಯಾನಂದರು ಫೋನಿನಲ್ಲೇ ಅದನ್ನು ತಳ್ಳಿಹಾಕಿದ್ದರು. “ಹೋಟೆಲಿನಲ್ಲಿ ಕೂತು ಕಂಪ್ಯೂಟರ್ ಒತ್ತುವ ಕೆಲಸ ನಮ್ಮ ಮನೆಯ ಸೊಸೆಗೆ ಬೇಡ. ಉಳಿದದ್ದು ಎದುರೆದುರು ಮಾತಾಡುವ” ಎಂದಿದ್ದರು. ಕೆಲಸ ಬಿಡಿಸಿದರೆ ಮದುವೆಯೇ ಬೇಡ ಎಂದು ಮಾನಸಿ ಮನೆಯಲ್ಲಿ ಹೇಳಿಬಿಟ್ಟಿದ್ದಳು. ಲತೀಶನೋ, ಮಾವನ ಮುಂದೆ ಬಾಯಿ ಇಲ್ಲದ ಹುಡುಗ.

ಕುಶಲಣ್ಣ ಇದಕ್ಕೂ ಉಪಾಯ ಕಂಡುಕೊಂಡರು. ಎಸಿ ರೂಮಿನಲ್ಲಿ ಮಲಗಿ ಎದ್ದವನ ತಲೆ ತಂಪಾಗಿರುತ್ತದೆ, ತಂಪಾದ ತಲೆಯವನು ಇಲ್ಲ ಎನ್ನುವುದಿಲ್ಲ. ಮೂವತ್ತು ವರ್ಷದಲ್ಲಿ ಅವರು ಎಷ್ಟೋ ಬೀಗರನ್ನು ಹೀಗೆ ಪಳಗಿಸಿದ್ದರು.

“ನೀವು ಒಂಬತ್ತು ಜನ ಸುಮ್ಮನೆ ಬಂದರೆ ಸಾಕು. ಉಳಿಯುವ ವಿಷಯ ನನಗೆ ಬಿಡಿ” ಎಂದು ದಯಾನಂದರಿಗೆ ಮಾತು ಕೊಟ್ಟು, ಪಂಚಾಂಗ ಬಿಡಿಸಿ, ಶುಕ್ರ ಅಸ್ತನಾಗಿದ್ದ ವಾರವನ್ನೇ ಆರಿಸಿದರು. ಶುಕ್ರ ಮುಳುಗಿದ ಮೇಲೆ ಮದುವೆ ಮುಂಜಿಗಳಿಲ್ಲ. ಬರಿಯ ಮಾತುಕತೆಗೆ ಶುಕ್ರನ ಹಂಗಿಲ್ಲ. ಮದುವೆಗಳಿಲ್ಲದ ವಾರ ರೂಮುಗಳೆಲ್ಲ ಖಾಲಿ ಬಿದ್ದಿರುತ್ತವೆ ಎಂಬುದು ಅವರ ಲೆಕ್ಕ. ಶನಿವಾರ ಎಂದು ನಿಶ್ಚಯವಾಯಿತು.

“ಈಗಲೇ ಬುಕ್ ಮಾಡಿ ಇಡಬಹುದಲ್ವಾ?” ಎಂದರು ಹೆಂಡತಿ ಜಯಲತಾ.

“ನೀನು ಸುಮ್ಮನಿರು. ಈಗಲೇ ಕೇಳಿದರೆ ನಮಗೆ ಅರ್ಜೆಂಟ್ ಉಂಟು ಅಂತ ಅವನಿಗೆ ಗೊತ್ತಾಗ್ತದೆ. ಅದೇ ವಾರ ಕೇಳಿದರೆ, ರೂಮು ಖಾಲಿ ಉಂಟು ಅಂತ ಅವನೇ ಕಾಲಿಗೆ ಬೀಳ್ತಾನೆ.”

ಆ ವಾರದ ಸೋಮವಾರ ಕುಶಲಣ್ಣ ಕುರ್ಚಿಯಲ್ಲಿ ಕಾಲು ಮೇಲೆ ಕಾಲು ಹಾಕಿ ಕೂತು ವಾಶಿಯ ಒಂದು ಲಾಡ್ಜಿಗೆ ಫೋನ್ ಮಾಡಿದರು. ಆ ಕಡೆಯವನು ಹೇಳಿದ ರೇಟು ಕೇಳಿ, ತಾನು ಕೇಳಿದ್ದು ರೂಮಿನ ಬಾಡಿಗೆ, ಲಾಡ್ಜಿನ ಕ್ರಯ ಅಲ್ಲ ಎಂದು ಅವನಿಗೆ ತಿಳಿಸಿದರು. ಅವನು ಫೋನ್ ಇಟ್ಟ. ಎರಡನೆಯವನು ಮಾಮೂಲಿಯ ಐದು ಪಟ್ಟು ಹೇಳಿದ, ಅದೂ ಮೂರು ದಿನ ಉಳಿಯುವುದಾದರೆ ಮಾತ್ರ. ನೆರೂಳಿನವನು ಹೆಸರು ಕೂಡ ಕೇಳಲಿಲ್ಲ. ತುರ್ಭೆಯಲ್ಲಿ ಲಾರಿ ಹಮಾಲರು ಮಲಗುವ ಒಂದು ಲಾಡ್ಜಿತ್ತು. ಅಲ್ಲಿ ಒಂದು ಮಂಚ ಉಳಿದಿದೆಯೆಂದೂ ಅದಕ್ಕೂ ಮೂವರು ಹೇಳಿ ಹೋಗಿದ್ದಾರೆಂದೂ ತಿಳಿಯಿತು. ಕುಶಲಣ್ಣ ಕಾಲು ಕೆಳಗಿಳಿಸಿದರು.

ಮರುದಿನ ಲೋಕಲ್ ರೈಲು ಹಿಡಿದು ಸ್ವತಃ ಪಕ್ಕದ ಕಲ್ಯಾಣ ಊರಿಗೆ ಹೋದರು. ಸ್ಟೇಷನ್ ಎದುರಿನ ಲಾಡ್ಜಿನ ಮ್ಯಾನೇಜರ್ ಅವರನ್ನು ಕನಿಕರದಿಂದ ನೋಡಿದ.

“ಶನಿವಾರ್? ಯೇ ವಾಲಾ ಶನಿವಾರ್? ಕಾಕಾ, ಪೂರಾ ಇಂಡಿಯಾ ಆ ರಹಾ ಹೈ. ಆಪ್ ಕೋ ಮಾಲೂಮ್ ನಹೀಂ?”

ಇಲ್ಲಿ ಕುಶಲಣ್ಣ “ಇಲ್ಲಪ್ಪ, ಏನು ವಿಶೇಷ?” ಎಂದು ಕೇಳಿದ್ದರೆ ಈ ಕಥೆ ಕಲ್ಯಾಣದಲ್ಲೇ ಮುಗಿದು, ನಾವೆಲ್ಲ ನಮ್ಮ ನಮ್ಮ ಕೆಲಸ ನೋಡಿಕೊಳ್ಳಬಹುದಿತ್ತು. ಆದರೆ ಅವರು ಗೊತ್ತಿಲ್ಲ ಎಂಬ ಮಾತನ್ನು ಬಾಯಲ್ಲಿ ಆಡಿ ಅಭ್ಯಾಸವಿಲ್ಲದವರು. “ಮಾಲೂಮ್ ಹೈ, ಮಾಲೂಮ್ ಹೈ” ಎಂದು ತಲೆಯಾಡಿಸಿ, ಗಂಭೀರವಾಗಿ ಮೆಟ್ಟಿಲಿಳಿದು ಬಂದರು. ಇಡೀ ಇಂಡಿಯಾ ಬರುವುದೆಂದರೆ ಮದುವೆಗಲ್ಲದೆ ಇನ್ನೇತಕ್ಕೆ? ಮುಹೂರ್ತ ಇದೆ, ಅದನ್ನು ತನ್ನಿಂದ ಯಾರೋ ಮುಚ್ಚಿಟ್ಟಿದ್ದಾರೆ ಎಂದು ಅವರಿಗೆ ರೈಲು ಡೊಂಬಿವಲಿ ಸೇರುವುದರೊಳಗೆ ಖಚಿತವಾಯಿತು.

ಸ್ಟೇಷನ್ನಿನಿಂದ ನೆಟ್ಟಗೆ ಪುರೋಹಿತ ಹಯಗ್ರೀವ ಭಟ್ಟರ ಮನೆಗೆ ಹೋದರು. ಭಟ್ಟರು ಆಗ, ಕುಶಲಣ್ಣನ ಬಿಲ್ಡಿಂಗಿನಲ್ಲೇ ಮೂರನೆಯ ಮಹಡಿಯಲ್ಲಿರುವ ವಿಜಯಪುರ ಕಡೆಯ ಚಂದ್ರಬಾಯಿಗೆ ಸತ್ಯನಾರಾಯಣ ಪೂಜೆಯ ಸಾಮಾನು ಹೇಳುತ್ತಿದ್ದರು.

“ಭಟ್ರೇ, ಶನಿವಾರದ ಮುಹೂರ್ತ ನಮಗೆ ಯಾಕೆ ಹೇಳ್ಲಿಲ್ಲ?”

“ಯಾವ ಮುಹೂರ್ತ ಮಾರಾಯ್ರೇ? ಶುಕ್ರ ಅಸ್ತ ಅಲ್ವಾ?”

“ಹಾಗಾದರೆ ವಾಶಿಗೆ ಮಾತ್ರ ಮೂಡಿದ್ದಾನಾ ಶುಕ್ರ? ಅಲ್ಲಿ ಒಂದು ರೂಮಿಲ್ಲ. ನೆರೂಳಿನಲ್ಲಿ ಇಲ್ಲ, ಕಲ್ಯಾಣದಲ್ಲಿ ಇಲ್ಲ. ಐದು ಪಟ್ಟು ರೇಟು. ಮುಹೂರ್ತ ಇಲ್ಲದೆ ರೂಮಿಗೆ ರೇಟು ಏರ್ತದಾ? ಮೂವತ್ತು ವರ್ಷ ನಾನು ಎಂತ ನೋಡಿದ್ದು ಹಾಗಾದ್ರೆ?”

ಭಟ್ಟರು ಮೊದಲು ನಕ್ಕರು. ಆಮೇಲೆ ಕುಶಲಣ್ಣನ ಮುಖ ನೋಡಿ ನಗು ನಿಲ್ಲಿಸಿದರು. ಇಷ್ಟು ಆತ್ಮವಿಶ್ವಾಸದಿಂದ ಮಾತಾಡುವ ಮನುಷ್ಯನ ಎದುರು ಶುಕ್ರನಿಗೇ ತನ್ನ ಮೇಲೆ ಅನುಮಾನ ಬಂದೀತು; ಭಟ್ಟರು ಪಾಪ, ಪುರೋಹಿತರು. “ಇನ್ನೊಂದು ಪಂಚಾಂಗ ತೆಗೆದು ನೋಡ್ತೇನೆ. ಸೂಕ್ಷ್ಮದಲ್ಲಿ ಏನಾದರೂ ಇದ್ದರೂ ಇರಬಹುದು” ಎಂದರು.

ಚಂದ್ರಬಾಯಿ ಕಿವಿ ನೆಟ್ಟಗೆ ಮಾಡಿಕೊಂಡು ಕೂತಿದ್ದಳು. ಭಟ್ಟರ ಬಾಗಿಲಲ್ಲಿ ‘ಇರಬಹುದು’ ಎಂದಿದ್ದದ್ದು ಬಿಲ್ಡಿಂಗಿನ ಗೇಟಿಗೆ ಬರುವಷ್ಟರಲ್ಲಿ ‘ಐತಂತ’ ಆಯಿತು. ಲಿಫ್ಟಿನಲ್ಲಿ ಅದು ನೂರು ವರ್ಷಕ್ಕೊಮ್ಮೆ ಬರುವಂಥದ್ದಾಯಿತು. ಸಂಜೆಯ ಹೊತ್ತಿಗೆ ಕನ್ನಡ ಸಂಘದ ವಾಟ್ಸ್ಯಾಪಿನಲ್ಲಿ ‘ಗುಪ್ತ ಶುಕ್ರಯೋಗ’ ಎಂಬ ಹೆಸರು ಹೊತ್ತು, ತಾವರೆಯ ಚಿತ್ರದೊಂದಿಗೆ, ‘ಹತ್ತು ಮಂದಿಗೆ ಕಳಿಸಿ’ ಎಂಬ ಆಜ್ಞೆಯೊಂದಿಗೆ ಮನೆಮನೆಗೆ ಬಂತು. ಊರಿನ ಬಾಯಿಗೆ ಬೀಗ ಹಾಕುವವರು ಯಾರು?

ಬುಧವಾರದಿಂದ ಡೊಂಬಿವಲಿಗೆ ಮೈಮೇಲೆ ಬಂದಂತಾಯಿತು. ಸಂಘದ ಹಾಲ್‌ಗೆ ಒಂದೇ ದಿನಕ್ಕೆ ಮೂರು ಪಾರ್ಟಿಗಳು ಮುಂಗಡ ಹಿಡಿದು ಬಂದು ಕಾರ್ಯದರ್ಶಿಯ ಎದುರೇ ಜಗಳವಾಡಿದವು. ಸೇವಂತಿಗೆಯವಳು ಮೊಳ ಅಳೆಯುವ ಕೈ ಗಿಡ್ಡ ಮಾಡಿಕೊಂಡಳು. ಬಂಗಾರದ ಅಂಗಡಿಯವನು ‘ಶುಕ್ರಯೋಗದ ವಿಶೇಷ’ ಎಂದು ಬೋರ್ಡು ಹಾಕಿದ. ಎರಡು ವರ್ಷದಿಂದ ಹೊಸ ಫ್ಲ್ಯಾಟಿನ ಬೀಗದ ಕೈ ಇಟ್ಟುಕೊಂಡು ಒಳ್ಳೆಯ ದಿನಕ್ಕೆ ಕಾಯುತ್ತಿದ್ದವರು ಶನಿವಾರವೇ ಹಾಲುಕ್ಕಿಸುವುದೆಂದು ತೀರ್ಮಾನಿಸಿದರು. ಕುಶಲಣ್ಣನ ಸೊಸೈಟಿಯ ಸೆಕ್ರೆಟರಿ ನೀರಿನ ಹೊಸ ಪಂಪಿನ ಉದ್ಘಾಟನೆಯನ್ನು ಅದೇ ದಿನಕ್ಕೆ ಎಳೆದುಕೊಂಡ. ಹಯಗ್ರೀವ ಭಟ್ಟರು ಎರಡನೆಯ ಪಂಚಾಂಗದಲ್ಲೂ ಏನೂ ಇಲ್ಲವೆಂದು ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಏಳು ಕಡೆಯ ದಕ್ಷಿಣೆ ನಿಶ್ಚಯವಾಗಿತ್ತು, ಬಾಯಿ ಮುಚ್ಚಿದರು. ಎಂಟನೆಯದನ್ನು ಅವರು ಒಪ್ಪಿಕೊಳ್ಳಲಿಲ್ಲ ಎಂಬುದನ್ನು ಅವರ ಪರವಾಗಿ ಹೇಳಲೇಬೇಕು.

“ನೋಡಿದ್ಯಾ?” ಎಂದರು ಕುಶಲಣ್ಣ ಹೆಂಡತಿಗೆ. “ನಾನು ಹೇಳಿದ್ದೇ ಸರಿ ಆಯ್ತು.”

“ನೀವು ಹೇಳಿದ್ದು ಯಾವಾಗಲೂ ಸರಿಯೇ. ಒಂಬತ್ತು ಜನ ಎಲ್ಲಿ ಮಲಗ್ತಾರೆ ಅಂತ ಹೇಳಿ.”

ಒಂದು ಬೆಡ್‌ರೂಮಿನ ಮನೆ. ಕುಶಲಣ್ಣ ಬಿಲ್ಡಿಂಗಿನಲ್ಲೇ ಕೇಳಿ ನೋಡೋಣವೆಂದು ಹೊರಟರು. ಗಣಪತಿ ಹಬ್ಬಕ್ಕೆ, ಬಾಣಂತನಕ್ಕೆ ಒಬ್ಬರ ನೆಂಟರು ಇನ್ನೊಬ್ಬರ ಮನೆಯಲ್ಲಿ ಮಲಗುವುದು ಅಲ್ಲಿ ಹೊಸತೇನಲ್ಲ. ಮೊದಲು ಚಂದ್ರಬಾಯಿಯ ಬಾಗಿಲು ತಟ್ಟಿದರು.

“ಅಣ್ಣಾರ, ನಿಮಗ ಇಲ್ಲ ಅನ್ನಾಕ ನನಗ ಬಾಯಿ ಬರೂದಿಲ್ಲ ನೋಡ್ರಿ. ಆದ್ರ ತಂಗಿ ಮೊಮ್ಮಗಂದು ಜಾವಳ, ಮೊದಲ ಕೂದಲ ತೆಗಸೂದು, ಶನಿವಾರ ಇಟ್ಕೊಂಡೇವಿ. ಸೊಲ್ಲಾಪುರದಿಂದ ಹದಿನೈದು ಮಂದಿ ಬರಾಕತ್ತಾರ. ನೀವ ಹುಡುಕಿದ ಮುಹೂರ್ತ, ಬಿಡಾಕ ಆಗತೈತೇನ್ರಿ?”

ನಾಲ್ಕನೆಯ ಮಹಡಿಯಲ್ಲಿ ಸೀಮಂತ. ಎರಡನೆಯ ಮಹಡಿಯಲ್ಲಿ ಹೊಸ ಸ್ಕೂಟರಿನ ಪೂಜೆ, ಅದಕ್ಕೆ ನಾಶಿಕದಿಂದ ಅತ್ತೆ ಮಾವ. ಕೆಳಗಿನ ಮನೆಯವರು ಯಾವ ಶುಭಕಾರ್ಯವೂ ಇಲ್ಲದವರು. ಅವರು ತಮ್ಮ ಬೆಡ್‌ರೂಮನ್ನು ಪಕ್ಕದ ಬಿಲ್ಡಿಂಗಿನ ಮದುವೆ ಪಾರ್ಟಿಗೆ ಬಾಡಿಗೆಗೆ ಕೊಟ್ಟು ತಾವು ಅಡುಗೆಮನೆಯಲ್ಲಿ ಮಲಗಲು ಸಿದ್ಧರಾಗಿದ್ದರು. ಎಷ್ಟು ಬಾಡಿಗೆ ಎಂದು ಕುಶಲಣ್ಣ ಕೇಳಿದರು. ಬೆಳಿಗ್ಗೆ ಕೇಳಿದ್ದರೆ ಕಡಿಮೆ ಇತ್ತು ಎಂದರು ಅವರು. ಹೀಗೆ ಕುಶಲಣ್ಣ ತಾವೇ ಊದಿದ ಬೆಂಕಿಯಲ್ಲಿ ತಮ್ಮದೇ ಬಿಲ್ಡಿಂಗಿನ ರೂಮುಗಳನ್ನೂ ಕಳೆದುಕೊಂಡು ಮನೆಗೆ ಬಂದರು. ಮಾಡಿದ್ದುಣ್ಣೋ ಮಹರಾಯ ಎಂದು ಹಿರಿಯರು ಇಂಥವರಿಗೇ ಹೇಳಿಟ್ಟದ್ದು.

ಮನೆಗೆ ಬಂದರೆ ಫೋನ್ ಬಡಿದುಕೊಳ್ಳುತ್ತಿತ್ತು. ಉಡುಪಿಯಿಂದ ದಯಾನಂದರು.

“ಕುಶಲಣ್ಣ, ನೀವು ಸಾಮಾನ್ಯದವರಲ್ಲ. ಬರೀ ಮಾತುಕತೆ ಅಂತ ಹೇಳಿ ಒಳಗಿಂದೊಳಗೆ ಇಂಥ ಮುಹೂರ್ತ ಹುಡುಕಿ ಇಟ್ಟಿದ್ದೀರಿ. ವಾಟ್ಸ್ಯಾಪಿನಲ್ಲಿ ಇಲ್ಲಿಗೂ ಬಂತು. ಮಾತುಕತೆ ಎಂತಕ್ಕೆ ಇನ್ನು? ಉಂಗುರವೇ ಹಾಕಿ ಬಿಡುವ. ಒಂಬತ್ತಲ್ಲ, ಇಪ್ಪತ್ತೆರಡು ಜನ ಬರ್ತೇವೆ. ಬಸ್ಸು ಹೇಳಿ ಆಯ್ತು.”

“ಅದು ದಯಾನಂದಣ್ಣ, ರೂಮು…”

“ರೂಮಿನ ವಿಷಯ ನಿಮಗೆ ಬಿಟ್ಟದ್ದಲ್ವಾ? ನಾವು ತಲೆ ಹಾಕುವುದಿಲ್ಲ. ಮತ್ತೆ ಹುಡುಗಿ ಹತ್ರ ರಾಜೀನಾಮೆ ಬರೆದು ಇಡಲಿಕ್ಕೆ ಹೇಳಿ. ಒಳ್ಳೆ ದಿನ, ಎಲ್ಲ ಒಟ್ಟಿಗೆ ಮುಗಿದು ಹೋಗಲಿ.”

ಕುಶಲಣ್ಣ ಜೀವನದಲ್ಲಿ ಮೊದಲ ಸಲ ಹೆದರಿದರು. ಇಪ್ಪತ್ತೆರಡು ಜನ ನಿದ್ದೆಗೆಟ್ಟು ಕೂತರೆ ದಯಾನಂದರ ತಲೆ ತಂಪಾಗುವುದಿರಲಿ, ಹೊತ್ತಿ ಉರಿಯುತ್ತದೆ. ಆ ಉರಿಯಲ್ಲಿ ಮಗಳ ಕೆಲಸ ಹೋಗುತ್ತದೆ, ಕೆಲಸ ಹೋದರೆ ಮದುವೆ ಹೋಗುತ್ತದೆ. ಉಳಿದದ್ದು ಒಂದೇ ದಾರಿ: ಮಗಳ ಹೋಟೆಲು. ಮಗಳ ಎದುರು ಕೈ ಚಾಚುವುದು ತಂದೆಗೆ ಶೋಭೆಯಲ್ಲವೆಂದು ಅದುವರೆಗೆ ಆ ಕಡೆ ತಲೆ ಹಾಕಿರಲಿಲ್ಲ. ಅವಳು ಎಲ್ಲೋ ಮೇಲಿನ ಮಹಡಿಯಲ್ಲಿ ಟೈಪು ಮಾಡುತ್ತಾಳೆಂದು ಅವರು ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಗುರುವಾರ ಅವಳಿಗೆ ತಿಳಿಸದೆ ವಾಶಿಗೆ ಹೋಗಿ ರಿಸೆಪ್ಷನ್ ಕೌಂಟರಿನ ಎದುರು ನಿಂತರು. ಅಲ್ಲಿದ್ದ ಹುಡುಗನ ಎದೆಯ ಮೇಲೆ ಅಭಿಜಿತ್ ಎಂದು ಬರೆದಿತ್ತು. ಅವನು ಮೂರು ರೂಮು ಉಳಿದಿವೆಯೆಂದು ಹೇಳಿ, ಮಾಮೂಲಿಯ ಆರು ಪಟ್ಟು ರೇಟನ್ನು ಬಹಳ ವಿನಯದಿಂದ ತಿಳಿಸಿದ.

“ಯೇ ಅನ್ಯಾಯ ಹೈ” ಎಂದರು ಕುಶಲಣ್ಣ.

“ಅಂಕಲ್, ರೇಟ್ ಮೈಂ ನಹೀಂ ಬಢಾತಾ. ಊಪರ್ ಮೇಡಮ್ ಬಢಾತೀ ಹೈ. ಸುಬಹ್ ಸೇ ಚಾರ್ ಬಾರ್ ಬಢಾಯಾ.” ರೇಟು ಏರಿಸುವವನು ತಾನಲ್ಲ, ಮೇಲಿನ ಮೇಡಮ್, ಬೆಳಿಗ್ಗೆಯಿಂದ ನಾಲ್ಕು ಸಲ ಏರಿಸಿದ್ದಾರೆ ಎಂದು ಅವನ ಮಾತು.

“ಬುಲಾವ್ ಮೇಡಮ್ ಕೋ. ಅವಳಿಗೆ ಅಪ್ಪ ಅಮ್ಮ ಇಲ್ವಾ? ಬುದ್ಧಿ ಹೇಳಿ ಬೆಳೆಸಿದವರು ಯಾರೂ ಇಲ್ವಾ?” ಎಂದು ಕುಶಲಣ್ಣ ಕೌಂಟರ್ ಗುದ್ದಿದರು. ಮದುವೆ ಹಾಲ್‌ನಲ್ಲಿ ಅಡುಗೆಯವರನ್ನು ನಡುಗಿಸಿದ ಧ್ವನಿ ಅದು. ಸೋಫಾದಲ್ಲಿ ಕೂತಿದ್ದ ಗಿರಾಕಿಗಳು ಎದ್ದು ನಿಂತರು. ಅಭಿಜಿತ್ ಫೋನ್ ಎತ್ತಿದ. ಲಿಫ್ಟಿನ ಬಾಗಿಲು ತೆರೆಯಿತು. ಮೇಡಮ್ ಬಂದರು.

“ಪಪ್ಪಾ, ತುಮ್ಹೀ? ನೀವಾ?” ಎಂದಳು ಮಾನಸಿ.

ಕುಶಲಣ್ಣ ಕೌಂಟರಿನಿಂದ ಕೈ ತೆಗೆದರು. ಅವರನ್ನು ಒಂದು ಮೂಲೆಯಲ್ಲಿ ಕೂರಿಸಿ, ಚಹಾ ತರಿಸಿ, ಮಗಳು ತನ್ನ ಅರೆಬರೆ ಕನ್ನಡದಲ್ಲಿ ವಿಷಯ ಬಿಡಿಸಿ ಹೇಳಿದಳು.

“ಶಾದಿ ಇಲ್ಲ, ಮುಹೂರ್ತ ಇಲ್ಲ ಪಪ್ಪಾ. ನೆರೂಳ್ ಸ್ಟೇಡಿಯಮ್‌ನಲ್ಲಿ ಕಾನ್ಸರ್ಟ್ ಇದೆ. ಫಾರಿನ್ ಸಿಂಗರ್. ದಿಲ್ಲಿ, ಹೈದರಾಬಾದ್, ಎಲ್ಲಾ ಕಡೆಯಿಂದ ಪಬ್ಲಿಕ್ ಬರ್ತಿದೆ. ರೂಮ್ ತೋ ಉತನೇ ಹೀ ಹೈ ನಾ, ಇದ್ದಷ್ಟೇ? ಒಂದು ರೂಮಿಗೆ ನೂರು ಜನ ನೋಡ್ತಿದ್ದಾರೆ. ನಾನು ಕಮ್ಮಿ ಇಟ್ಟರೆ ಮೊದಲು ಬಂದವ ತಗೊಂಡು ಬೇರೆಯವನಿಗೆ ಡಬಲ್‌ಗೆ ಮಾರ್ತಾನೆ. ಡಿಮ್ಯಾಂಡ್ ನೋಡಿ ರೇಟ್ ಹಾಕೋದು, ಅದೇ ನನ್ನ ಕೆಲಸ.”

“ಒಬ್ಬ ಹಾಡುವವನಿಗೋಸ್ಕರ ಇಷ್ಟಾ?”

“ನಿಮ್ಮ ಉಡುಪಿಯಲ್ಲಿ ಪರ್ಯಾಯದ ದಿನ ರೂಮ್ ಸಿಗ್ತದಾ?”

ಕುಶಲಣ್ಣನಿಗೆ ತಟ್ಟನೆ ಅರ್ಥವಾಯಿತು. ಹಿಂದೊಮ್ಮೆ ಕೃಷ್ಣ ಮಠದ ಪರ್ಯಾಯದ ಮೆರವಣಿಗೆ ನೋಡಲು ಹೋಗಿ, ಉಡುಪಿಯಲ್ಲಿ ರೂಮು ಸಿಗದೆ ಬ್ಯಾಂಕಿನ ಶಟರಿಗೆ ಒರಗಿ ಮಲಗಿದವರು ಅವರು. “ಅಲ್ಲಿ ದೇವರಿದ್ದಾನೆ ಮಗಾ” ಎಂದು ಕೊನೆಯ ಪ್ರಯತ್ನ ಮಾಡಿ, ಅದೂ ನಡೆಯದೆ, “ಆಯ್ತು, ನಿನ್ನ ಹೆಸರಿನಲ್ಲಿ ಆ ಮೂರು ರೂಮು ಕೊಡಿಸು” ಎಂದರು.

“ನೀವು ಕೌಂಟರ್‌ನಲ್ಲಿ ಜಗಳ ಮಾಡ್ತಿದ್ದಾಗ ಇತ್ತು. ಈಗ ಸೋಲ್ಡ್ ಔಟ್.”

ಮನೆಗೆ ಮರಳುವ ರೈಲಿನಲ್ಲಿ ಕುಶಲಣ್ಣನಿಗೆ ನಾಚಿಕೆಯೂ ಆಯಿತು, ಎದೆಯೂ ಉಬ್ಬಿತು. ಊರಿಗೆಲ್ಲ ಟೈಪಿಸ್ಟ್ ಎಂದು ಹೇಳಿಕೊಂಡು ಬಂದ ಮಗಳ ಒಂದು ಬೆರಳಿಗೆ ಅಷ್ಟು ದೊಡ್ಡ ಹೋಟೆಲು ಏರುತ್ತದೆ, ಇಳಿಯುತ್ತದೆ. ಅಂಥ ಕೆಲಸ ಬಿಡಿಸಲು ಬಿಡಬಾರದು ಎಂದು ಅವರಿಗೆ ಮೊದಲ ಸಲ ಮನಸಾರೆ ಅನ್ನಿಸಿತು. ಅದುವರೆಗೆ ಮಗಳ ಹಟಕ್ಕಾಗಿ ಮಾತ್ರ ಓಡಾಡುತ್ತಿದ್ದರು.

ಅಂದೇ ಅವರು ಸಂಘದ ವಾಟ್ಸ್ಯಾಪಿನಲ್ಲಿ ‘ಮುಹೂರ್ತ ಇಲ್ಲ, ಅದು ಹಾಡಿನ ಕಾರ್ಯಕ್ರಮ’ ಎಂದು ಬರೆದು ಹಾಕಿದರು. ಯಾರೂ ನಂಬಲಿಲ್ಲ. ಕುಶಲಣ್ಣನಿಗೆ ರೂಮು ಸಿಗಲಿಲ್ಲ, ಪಾಪ, ಕೈಗೆಟುಕದ ದ್ರಾಕ್ಷಿ ಹುಳಿ ಎಂದು ಸಂಘದ ಕಾರ್ಯದರ್ಶಿ ಉತ್ತರಿಸಿದ. ದಯಾನಂದರಿಗೆ ಮಾಡಿದ ಫೋನನ್ನು ಅವರ ಮನೆಯ ಯಾರೋ ಎತ್ತಿ, ಅವರು ಉಂಗುರ ತರಲು ಹೋಗಿದ್ದಾರೆಂದು ಹೇಳಿ ಇಟ್ಟರು.

ಶನಿವಾರ ಬೆಳಿಗ್ಗೆ ಬಸ್ಸು ಬಂತು. ಇಪ್ಪತ್ತೆರಡು ಜನ ಕೈಕಾಲು ಕೊಡವಿಕೊಂಡು ಇಳಿದು, ಮೆಟ್ಟಿಲಲ್ಲಿ ಸೊಲ್ಲಾಪುರದ ಹದಿನೈದು ಮಂದಿಯನ್ನೂ ನಾಶಿಕದ ಅತ್ತೆ ಮಾವನನ್ನೂ ದಾಟಿ, ಹೇಗೋ ಕುಶಲಣ್ಣನ ಮನೆಯೊಳಗೆ ತೂರಿಕೊಂಡರು. ಅರ್ಧ ಜನ ಒಳಗೆ, ಅರ್ಧ ಜನ ಹೊರಗಿನ ಪ್ಯಾಸೇಜಿನಲ್ಲಿ. ಲತೀಶ್ ಫ್ರಿಜ್ಜಿಗೆ ಒರಗಿ ನಿಂತ. ದಯಾನಂದರು ಇದ್ದ ಒಂದೇ ಒಳ್ಳೆಯ ಕುರ್ಚಿಯಲ್ಲಿ ಕೂತು ಸುತ್ತ ನೋಡಿದರು.

“ಮೊದಲು ರೂಮಿಗೆ ಹೋಗಿ ಮಿಂದು ಬರುವ. ಎಲ್ಲಿ ಮಾಡಿದ್ದು?”

ಜಯಲತಾ ಗಂಡನ ಮುಖ ನೋಡಿದರು. ಕುಶಲಣ್ಣ ಎದ್ದು ನಿಂತರು.

“ದಯಾನಂದಣ್ಣ, ಮುಹೂರ್ತ ಇಲ್ಲ. ಶುಕ್ರ ಮುಳುಗಿಯೇ ಇದ್ದಾನೆ. ರೂಮೂ ಇಲ್ಲ. ಎಲ್ಲ ಗೊತ್ತುಂಟು ಅಂತ ಹೇಳಿದೆ, ನನಗೆ ಎಂತದೂ ಗೊತ್ತಿರಲಿಲ್ಲ. ನೆರೂಳಿನಲ್ಲಿ ಯಾರೋ ಹಾಡುವವ ಬರ್ತಾನಂತೆ, ಅದಕ್ಕೆ ಎಲ್ಲ ರೂಮು ಐದು ಪಟ್ಟು, ಆರು ಪಟ್ಟು. ಮೇಲೆ ಟೆರೇಸು ತೊಳೆಸಿ ಚಾಪೆ ಹಾಕಿಸಿದ್ದೇನೆ. ನಿಮಗೆ ಸಿಟ್ಟು ಬಂದರೆ ನನ್ನ ಮೇಲೆ ಮಾಡಿ. ಅವಳ ಕೆಲಸದ ಮೇಲೆ ಮಾಡಬೇಡಿ.”

ಗೊತ್ತಿಲ್ಲ ಎಂಬ ಮಾತು ಆ ಬಾಯಿಂದ ಬಂದದ್ದನ್ನು ಕೇಳಲು ಚಂದ್ರಬಾಯಿ ಜಾವಳ ಬಿಟ್ಟು ಬಾಗಿಲಿಗೆ ಬಂದಿದ್ದಳು. ದಯಾನಂದರು ನಿಧಾನವಾಗಿ ಕನ್ನಡಕ ತೆಗೆದರು.

“ಎಷ್ಟು ಪಟ್ಟು ಅಂತ ಹೇಳಿದ್ರಿ?”

“ಲಾಡ್ಜಿನಲ್ಲಿ ಐದು. ದೊಡ್ಡ ಹೋಟೆಲಿನಲ್ಲಿ ಆರು.”

“ಆರು” ಎಂದರು ದಯಾನಂದರು. ಜಯಲತಾ ಕೊಟ್ಟ ನೀರು ಕುಡಿದರು. “ಹೋದ ಪರ್ಯಾಯಕ್ಕೆ ನಾನು ಎರಡು ಪಟ್ಟು ಮಾಡಿದ್ದೆ. ಟೆರೇಸಿನಲ್ಲಿ ಚಾಪೆ ಹಾಕಿ ಅದಕ್ಕೂ ಬಾಡಿಗೆ ತೆಗೆದೆ. ಪಾಪ ಬಂತೋ ಏನೋ ಅಂತ ದೇವಸ್ಥಾನಕ್ಕೆ ಒಂದು ಡಬ್ಬ ಎಣ್ಣೆ ಕೊಟ್ಟು ಬಂದವ ನಾನು. ಆರು ಪಟ್ಟು ಮಾಡಿದರೂ ಜನ ಬಂದರಾ?”

“ಬಂದ್ರು ಮಾಮಾ” ಎಂದಳು ಮಾನಸಿ. “ಒಂದೂ ರೂಮ್ ಖಾಲಿ ಇಲ್ಲ.”

“ನಿನಗೆ ಹೇಗೆ ಗೊತ್ತು?”

“ರೇಟು ಹಾಕಿದ್ದೇ ಅವಳು” ಎಂದರು ಕುಶಲಣ್ಣ. ಅವರ ಹಳೆಯ ಧ್ವನಿ ಮರಳಿ ಬಂದಿತ್ತು. “ಆ ಹೋಟೆಲಿಗೆ ಬೆಳಿಗ್ಗೆ ಎಷ್ಟು, ಮಧ್ಯಾಹ್ನ ಎಷ್ಟು ಅಂತ ಹೇಳುವುದು ನನ್ನ ಮಗಳು. ಟೈಪಿಂಗ್ ಅಲ್ಲ.”

ದಯಾನಂದರು ಹುಡುಗಿಯನ್ನು ಆಗ ಮೊದಲ ಸಲ ನೆಟ್ಟಗೆ ನೋಡಿದರು. ಗಾಳಿ ಬಂದಾಗ ತೂರಿಕೊಳ್ಳಬೇಕೆಂದು ಅವರಿಗೂ ಗೊತ್ತಿತ್ತು. ಇಷ್ಟು ಗಾಳಿ ಇರುತ್ತದೆಂದು ಗೊತ್ತಿರಲಿಲ್ಲ.

“ಬರುವ ಪರ್ಯಾಯಕ್ಕೆ ನಮ್ಮ ಲಾಡ್ಜಿನ ರೇಟು ನೀನು ಹಾಕಿ ಕೊಡ್ತೀಯಾ ಮಗಾ?”

“ಹಾಕ್ತೇನೆ. ಆದರೆ ಕೆಲಸ ಬಿಟ್ಟು ಮನೆಯಲ್ಲಿ ಕೂತರೆ ಮಾರ್ಕೆಟ್ ಹೇಗೆ ಗೊತ್ತಾಗ್ತದೆ ಮಾಮಾ?”

“ಕೆಲಸ ಬಿಡಲಿಕ್ಕೆ ಯಾರು ಹೇಳಿದ್ದು?” ಎಂದು ದಯಾನಂದರು ಸುತ್ತ ಕೂತಿದ್ದವರನ್ನು ಗದರಿಸಿದರು. ಇಪ್ಪತ್ತೊಂದು ಜನರಲ್ಲಿ ಯಾರಿಗೂ ನೆನಪಿರಲಿಲ್ಲ. “ಉಂಗುರ ಶುಕ್ರ ಮೂಡಿದ ಮೇಲೆ ಹಾಕುವ. ಮಾತು ಇವತ್ತೇ ಆಯ್ತು. ನಮಗೆ ಟೆರೇಸು ಸಾಕು. ಕೆಲಸದ್ದು ಒಂದೇ ಅಲ್ವಾ ನಿನ್ನ ಷರತ್ತು?”

“ಎರಡು” ಎಂದಳು ಮಾನಸಿ. “ಸಂಜೆ ಕಾನ್ಸರ್ಟಿಗೆ ಲತೀಶನನ್ನು ನನ್ನ ಜೊತೆ ಕಳಿಸಬೇಕು. ಟಿಕೆಟ್ ಇದೆ.”

ಫ್ರಿಜ್ಜಿಗೆ ಒರಗಿದ್ದ ಲತೀಶ್ ನೆಟ್ಟಗೆ ನಿಂತ.

“ಹೋದ ವಾರ ಒಂದೇ ಅಂತ ಹೇಳಿದ್ದಲ್ವಾ?”

“ಹೋದ ವಾರ ಡಿಮ್ಯಾಂಡ್ ಕಮ್ಮಿ ಇತ್ತು ಮಾಮಾ.”

ದಯಾನಂದರು ಅಲ್ಲೇ, ಆಗಲೇ ಒಪ್ಪಿಕೊಂಡರು. ಲಾಡ್ಜು ನಡೆಸಿದ ಮನುಷ್ಯ. ಇನ್ನು ಸ್ವಲ್ಪ ಹೊತ್ತು ತಡೆದರೆ ಷರತ್ತು ಮೂರಾಗುತ್ತದೆಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.